ವಿಚಾರಣೆಯವರ ತೋಟ

ಇದನ್ನು ಕಥೆ ಎಂದು ಹೇಳಹೊರಟದ್ದಕ್ಕೆ ಮೊದಲೇ ಕ್ಷಮಿಸಬೇಕು. ಇದರಲ್ಲಿ ದೊಡ್ಡವರು ಯಾರೂ ಇಲ್ಲ, ದೊಡ್ಡತನವಂತೂ ಹುಡುಕಿದರೂ ಸಿಗುವುದಿಲ್ಲ. ಬಸ್ ನಿಲ್ದಾಣದಲ್ಲಿ ಕಿಟಕಿಯ ಹಿಂದೆ ಕೂರುವ ಒಬ್ಬ ಮನುಷ್ಯ, ಅವನ ಬಾಯಿಂದ ಜಾರಿದ ಒಂದು ಪದ, ಆ ಪದವನ್ನು ನಂಬಿ ವ್ಯಾನು ಹತ್ತಿದ ಒಂದಷ್ಟು ಜನ, ಇಷ್ಟೇ. ಇದನ್ನು ಹೇಳಲು ಹೆಚ್ಚು ಯೋಗ್ಯರಾದವರು ಇದ್ದಾರೆ. ಆದರೆ ಅವರೆಲ್ಲ ಅವತ್ತು ಆ ವ್ಯಾನಿನಲ್ಲೇ ಇದ್ದವರು. ಅವರನ್ನು ಕೇಳಿದರೆ, ವ್ಯಾನಿನಲ್ಲಿದ್ದ ಬುದ್ಧಿವಂತ ತಾನೊಬ್ಬನೇ ಎಂದು ಒಬ್ಬೊಬ್ಬರೂ ಹೇಳುತ್ತಾರೆ.

ಬಸ್ ನಿಲ್ದಾಣದ ಆ ಕಿಟಕಿಯ ನೆತ್ತಿಯ ಮೇಲೆ ‘ವಿಚಾರಣೆ’ ಎಂದು ಬರೆದಿತ್ತು. ಹಿಂದೆ ಕೂರುತ್ತಿದ್ದವರನ್ನು ಡ್ರೈವರುಗಳೂ ಕಂಡಕ್ಟರುಗಳೂ ಕಸ ಗುಡಿಸುವವರೂ ವಿಚಾರಣೆಯವರು ಎಂದೇ ಕರೆಯುತ್ತಿದ್ದರು. ಅವರದು ಗೌರವದ ಕೆಲಸವೇ. ಜನ ಕಿಟಕಿಯ ತೂತಿಗೆ ಬಾಯಿಟ್ಟು ಕೇಳುತ್ತಿದ್ದರು. ವಿಚಾರಣೆಯವರು ಸರಿಯಾದ ಉತ್ತರವನ್ನೇ ಕೊಡುತ್ತಿದ್ದರು. ಕೇಳಿದವರು ತಲೆಯಾಡಿಸಿ, ಅಲ್ಲಿಂದ ನೆಟ್ಟಗೆ ಎದುರಿಗೆ ಕೂತ ಕಡಲೆಕಾಯಿ ಮಾರುವವನ ಹತ್ತಿರ ಹೋಗಿ ಅದನ್ನೇ ಇನ್ನೊಂದು ಸಲ ಕೇಳುತ್ತಿದ್ದರು. ಅವನು ಬಾಯಿ ಬಿಡದೆ ಗದ್ದದಿಂದಲೇ ಒಂದು ದಿಕ್ಕು ತೋರಿಸುತ್ತಿದ್ದ. ಜನ ಅದನ್ನು ನಂಬಿ ಓಡುತ್ತಿದ್ದರು. ಸರ್ಕಾರ ಕುರ್ಚಿ, ಮೇಜು, ಫ್ಯಾನು, ಮೈಕು ಎಲ್ಲ ಕೊಟ್ಟು ಕೂರಿಸಿದ ಮನುಷ್ಯನ ಮಾತಿಗಿಂತ ಒಂದು ಗದ್ದಕ್ಕೆ ಬೆಲೆ ಹೆಚ್ಚು ಎಂಬುದನ್ನು ಇಷ್ಟು ವರ್ಷ ಗಾಜಿನ ಹಿಂದೆ ಕೂತು ನೋಡಿದವರ ಹೊಟ್ಟೆಯಲ್ಲಿ ಏನಾಗುತ್ತಿತ್ತು ಎಂದು ಯಾರೂ ವಿಚಾರಿಸಲಿಲ್ಲ. ಒಂದೇ ಒಂದು ಸಲ, ಒಬ್ಬನೇ ಒಬ್ಬ, ತಮ್ಮ ಮಾತನ್ನು ಎರಡನೆಯವನ ಹತ್ತಿರ ಪರೀಕ್ಷೆ ಮಾಡಿಸದೆ ನಂಬಬೇಕು. ಇದು ವಿಚಾರಣೆಯವರ ಜೀವನದ ಆಸೆ. ಬೇರೆಯವರಿಗೆ ಮನೆ ಕಟ್ಟುವ ಆಸೆ ಇರುತ್ತದೆ, ಕಾರಿನ ಆಸೆ ಇರುತ್ತದೆ. ಇವರದು ಇದು.

ಅವರಿಗೆ ಒಂದು ಚಟವೂ ಇತ್ತು. ಸ್ವಂತಕ್ಕೆ ಸೈಕಲ್ಲೂ ಇಲ್ಲದ ಅವರ ಬಾಯಲ್ಲಿ ಎಲ್ಲವೂ ‘ನಮ್ಮದು’. ನಮ್ಮ ಬಸ್ಸು, ನಮ್ಮ ರಸ್ತೆ, ನಮ್ಮ ಮಂತ್ರಿಗಳು, ಪಕ್ಕದ ಮನೆಯವರು ಫ್ರಿಜ್ಜು ತಂದರೆ ‘ನಮ್ಮ ಬೀದಿಯ ಫ್ರಿಜ್ಜು’. ಇದಕ್ಕೆ ಸರಿಯಾಗಿ ಎದುರು ಅವರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಸಿಮೆಂಟು ಅಂಗಡಿ ಇಟ್ಟು ದುಡ್ಡಿನಲ್ಲಿ ಗಟ್ಟಿಯಾದವನು. ಅವನ ಬಾಯಲ್ಲಿ ‘ನಮ್ಮ’ ಎಂಬ ಪದ ಯಾರೂ ಕೇಳಿರಲಿಲ್ಲ. ನನ್ನ ಮನೆ, ನನ್ನ ಕಾರು, ನನ್ನ ಡಾಕ್ಟರು, ಕೊನೆಗೆ ನನ್ನ ಮಳೆ. “ನಿನ್ನೆ ನನ್ನ ತೋಟಕ್ಕೆ ಒಳ್ಳೇ ಮಳೆ ಬಂತು” ಎಂದರೆ, ಮಳೆಯೂ ಅವನ ಗೇಟಿನ ಹತ್ತಿರ ಬಂದು ಒಳಗೆ ಬರಬಹುದೇ ಎಂದು ಕೇಳಿತೇನೋ ಅನ್ನಿಸಬೇಕು. ಆ ತೋಟವನ್ನು ವಿಚಾರಣೆಯವರಿಗೆ ಅವನು ಒಮ್ಮೆ ತೋರಿಸಿದ್ದ, ಕಾರಿನ ಗಾಜು ಇಳಿಸದೆ.

ಆ ಭಾನುವಾರ ಬಿಸಿಲು ತಾರಸಿಯ ಮೇಲೆ ಕಾಗೆಯನ್ನೂ ಕೂರಲು ಬಿಡುತ್ತಿರಲಿಲ್ಲ. ನಿಲ್ದಾಣದ ಒಬ್ಬ ಡ್ರೈವರನ ಬಸ್ಸು ಕೆಟ್ಟು ಗ್ಯಾರೇಜಿಗೆ ಹೋಗಿತ್ತು. ಹಾಗಾಗಿ ಅವನಿಗೂ ಅದೇ ಬಸ್ಸಿನ ಕಂಡಕ್ಟರನಿಗೂ ಬಯಸದೆ ಬಂದ ರಜೆ. ಇಬ್ಬರೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಿಚಾರಣೆಯವರ ಮನೆಗೆ ಬಂದರು. ಬಂದದ್ದು ಪ್ರೀತಿಗಲ್ಲ, ಅವರ ಬೀದಿಗಳಲ್ಲಿ ಕರೆಂಟು ಹೋಗಿತ್ತು. ಇಲ್ಲಿ ಕೂತ ಸ್ವಲ್ಪ ಹೊತ್ತಿಗೆ ಇಲ್ಲೂ ಹೋಯಿತು. ನಡುಮನೆಯಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಉರುಳುತ್ತಿದ್ದವು.

“ಎಲ್ಲಾದ್ರೂ ಹೋಗೋಣಪ್ಪ,” ಎಂದ ಕಂಡಕ್ಟರ್. “ನಿಮ್ಮ ಮೈದುನನ ವ್ಯಾನಿದೆ ಅಂದ್ರಲ್ಲ ಡ್ರೈವರ್ರೇ.”

“ಮೊಟ್ಟೆ ಸಾಗಿಸೋ ವ್ಯಾನು,” ಎಂದ ಡ್ರೈವರ್. ಅವನದು ಮಾತು ಕಡಿಮೆ.

“ಮೊಟ್ಟೆ ಹೋಗೋದ್ರಲ್ಲಿ ಮನುಷ್ಯರು ಹೋಗಬಾರದಾ? ಆದ್ರೆ ಎಲ್ಲಿಗೆ? ಎಲ್ಲಿ ಹೋದ್ರೂ ಟಿಕೆಟ್ಟು ತಗೋ ಅಂತಾರೆ. ಜನ್ಮವಿಡೀ ಟಿಕೆಟ್ಟು ಹರಿದವನು ನಾನು. ನನಗೇ ಟಿಕೆಟ್ಟಾ?”

ಆಗ ವಿಚಾರಣೆಯವರು, ಬೀಸಣಿಗೆ ನಿಲ್ಲಿಸದೆ, ಕಣ್ಣೂ ತೆರೆಯದೆ, ಹೇಳಿದರು: “ಬೇಕಾದ್ರೆ ನಮ್ಮ ತೋಟಕ್ಕೆ ಹೋಗಬಹುದು.”

ಇಂಥ ಮಾತಿಗೆ ಮರ್ಯಾದಸ್ಥರು “ಇನ್ನೊಂದು ದಿನ ಬರ್ತೀವಿ ಬಿಡಿ” ಎನ್ನುತ್ತಾರೆ. ವಿಚಾರಣೆಯವರು ಅದನ್ನೇ ನಿರೀಕ್ಷಿಸಿದ್ದರು. ಕಣ್ಣು ತೆರೆದಾಗ ಕಂಡಕ್ಟರನ ಸಂಸಾರ ಚಪ್ಪಲಿ ಹಾಕಿಕೊಳ್ಳುತ್ತಿತ್ತು.

“ತೋಟ ಇಟ್ಕೊಂಡು ಇಷ್ಟು ದಿನ ಬಾಯಿ ಬಿಡಲಿಲ್ಲವಲ್ರೀ,” ಎಂದಳು ಕಂಡಕ್ಟರನ ಹೆಂಡತಿ. ಮುಖದಲ್ಲಿ ಬೆರಗೂ ಸಂಕಟವೂ ಸಮಸಮ ಇದ್ದವು. “ಏನೇನಿದೆ?”

“ಎಲ್ಲಾ ಥರದ್ದೂ ಇದೆ. ಹಣ್ಣು ಕಿತ್ತಷ್ಟೂ ಮುಗಿಯಲ್ಲ.”

ಒಳಗಿನಿಂದ ವಿಚಾರಣೆಯವರ ಹೆಂಡತಿ “ರೀ, ಒಂದು ನಿಮಿಷ” ಎಂದು ಕರೆದಳು. ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡಿತು.

“ನಮ್ಮ ತೋಟ ಅಂದ್ರಾ?”

“ನಮ್ಮ ಅಂದ್ರೆ ನಮ್ಮವರದು ಕಣೇ.”

“ಯಾವ ನಮ್ಮವರು?”

“ನಿಮ್ಮ ಭಾವ ನಮ್ಮವರಲ್ವಾ?”

“ಭಾವ ನಿಮ್ಮನ್ನ ಯಾವತ್ತಾದ್ರೂ ನಮ್ಮವರು ಅಂದಿದಾರಾ? ಅವರ ಮಗಳ ಮದುವೇಲಿ ನಿಮ್ಮನ್ನ ಬೀಗರಿಗೆ ಏನಂತ ಪರಿಚಯ ಮಾಡಿಸಿದ್ರು, ನೆನಪಿದೆಯಾ? ‘ಇವರು ಬಸ್ ಸ್ಟ್ಯಾಂಡಿನವರು’ ಅಂದ್ರು. ಊಟದ ಹೊತ್ತಲ್ಲಿ ಅವರಲ್ಲೊಬ್ಬರು ನಿಮ್ಮನ್ನ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ರು.”

“ಹೇಳಿದೆನಲ್ಲ.”

“ಹೇಳಿದ್ರಿ. ಅವರು ಹೋಗಿ ಅಡುಗೆಯವರನ್ನ ಕೇಳ್ಕೊಂಡ್ರು.”

ವಿಚಾರಣೆಯವರು ನೀರಿನ ಲೋಟ ನೋಡುತ್ತ ನಿಂತರು. ಹೆಂಡತಿ ಬಾಗಿಲ ಸಂದಿಯಿಂದ ಹೊರಗೆ ಇಣುಕಿದಳು. ಕಂಡಕ್ಟರನ ಹೆಂಡತಿ ಅವರ ಹಳೆಯ ಸೋಫಾವನ್ನು ಹೊಸ ಗೌರವದಿಂದ ಸವರುತ್ತಿದ್ದಳು. ಆ ದೃಶ್ಯ ಹೆಂಡತಿಯ ಮನಸ್ಸಿಗೆ ತಂಪೆರೆಯಿತು ಎಂದು ಹೇಳಿದರೆ ಅವಳು ಒಪ್ಪಲಿಕ್ಕಿಲ್ಲ. “ಭಾವ ಇವತ್ತು ಊರಲ್ಲಿಲ್ಲ, ಅಕ್ಕ ಹೇಳಿದ್ಲು,” ಎಂದಷ್ಟೇ ಹೇಳಿ ಮಗಳಿಗೆ ಬೇರೆ ಬಟ್ಟೆ ಹುಡುಕತೊಡಗಿದಳು.

ವ್ಯಾನಿನ ಬೆನ್ನ ಮೇಲೆ ‘ಒಡೆಯುವ ವಸ್ತು, ಎಚ್ಚರ’ ಎಂದು ಬರೆದಿತ್ತು. ಒಳಗೆ ಮೊಟ್ಟೆಯ ವಾಸನೆಯ ಜೊತೆ ಮೂರು ಸಂಸಾರ, ಮುಂದೆ ಡ್ರೈವರನ ಪಕ್ಕದಲ್ಲಿ ತೋಟದ ಯಜಮಾನರು. ಊರು ದಾಟಿದ ಮೇಲೆ ಕವಲು ಬಂತು. “ಎಡಕ್ಕೆ,” ಎಂದರು ವಿಚಾರಣೆಯವರು. ಡ್ರೈವರ್ ವ್ಯಾನು ನಿಲ್ಲಿಸಿದ. ಕಂಡಕ್ಟರ್ ಹಿಂದಿನಿಂದ ಇಳಿದು, ಕುರಿ ಮೇಯಿಸುತ್ತಿದ್ದ ಮುದುಕಿಯ ಹತ್ತಿರ ಹೋಗಿ ಕೇಳಿಕೊಂಡು ಬಂದು, “ಎಡಕ್ಕೇ ಅಂತೆ” ಎಂದ. ವಿಚಾರಣೆಯವರು ಮುಂದಿನ ಗಾಜು ನೋಡುತ್ತ ಕೂತರು. ತಮ್ಮ ತೋಟಕ್ಕೆ ದಾರಿಯನ್ನೂ ಕುರಿ ಕಾಯುವವಳು ಮಂಜೂರು ಮಾಡಬೇಕಾಯಿತು.

ತೋಟದ ಕಾವಲುಗಾರ ಗೇಟಿಗೆ ತಂತಿ ಸುತ್ತಿ ಊಟಕ್ಕೆ ಹೋಗಿದ್ದ. ತಂತಿ ಬಿಚ್ಚುವಾಗ ವಿಚಾರಣೆಯವರ ಎರಡು ಬೆರಳು ಗೀರಿದವು. “ಬೀಗ ಹಾಕೋದಿಲ್ಲ ನಾವು. ಜನರ ಮೇಲೆ ನಂಬಿಕೆ,” ಎಂದರು ರಕ್ತ ಚೀಪುತ್ತ.

ಮಕ್ಕಳು ಒಳಗೆ ನುಗ್ಗಿದವು. ಮರಗಳು ಒಂದೇ ಎತ್ತರ, ಒಂದೇ ಜಾತಿ, ಮೈತುಂಬ ಹಳದಿ ಹಣ್ಣು. ಕಂಡಕ್ಟರನ ಕಿರಿಯ ಮಗ ಒಂದನ್ನು ಕಿತ್ತು ಕಚ್ಚಿದ. ಆಮೇಲೆ ಅವನ ಮುಖ ಹೇಗಾಯಿತೆಂದರೆ, ಅವನ ತಾಯಿಗೇ ಗುರುತು ಸಿಗಲಿಲ್ಲ.

“ನಿಂಬೆ,” ಎಂದ ಡ್ರೈವರ್.

“ಎಲ್ಲಾ ನಿಂಬೆಯೇ?” ಕಂಡಕ್ಟರನ ಹೆಂಡತಿ ಸಾಲಿನ ಕೊನೆಯವರೆಗೂ ನೋಡಿದಳು. “ಎಲ್ಲಾ ಥರದ್ದೂ ಇದೆ ಅಂದ್ರಲ್ಲ.”

“ಎಲ್ಲಾ ಥರದ ನಿಂಬೆ,” ಎಂದರು ವಿಚಾರಣೆಯವರು. “ಅದು ದೊಡ್ಡದು, ಇದು ಚಿಕ್ಕದು.”

“ಸ್ನೇಹಕ್ಕೆ ಹುಳಿ ಹಿಂಡೋದು ಅಂದ್ರೆ ಇದೇ ಇರಬೇಕು,” ಎಂದ ಕಂಡಕ್ಟರ್. “ಮಕ್ಕಳು ಹಣ್ಣು ತಿನ್ನಲಿ ಅಂತ ಕರ್ಕೊಂಡು ಬಂದು ಉಪ್ಪಿನಕಾಯಿಗೆ ಹಾಕ್ತಿದೀರಲ್ಲ.”

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹಿಂದಿನಿಂದ ವಿಚಾರಣೆಯವರ ಮಗಳ ಕೂಗು ಕೇಳಿತು: “ಅಪ್ಪಾ, ನೀರು.”

ತೋಟದ ತಗ್ಗಿನಲ್ಲಿ ನೀರಿತ್ತು. ಅಂತಿಂಥ ನೀರಲ್ಲ. ಊರಿನ ನಲ್ಲಿಗಳು ಗಂಟಲು ಒಣಗಿ ಕೆಮ್ಮುತ್ತಿದ್ದ ಆ ಬೇಸಿಗೆಯಲ್ಲಿ, ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಕಟ್ಟೆ ಹಾಕಿ ನಿಲ್ಲಿಸಿದ ತಣ್ಣನೆಯ, ಎದೆಮಟ್ಟದ, ಅಂಚಿಗೆ ನೆರಳಿದ್ದ ನೀರು. ಮಕ್ಕಳು ಬಟ್ಟೆ ಸಮೇತ ಬಿದ್ದವು. ಡ್ರೈವರ್ ಪ್ಯಾಂಟು ಮಡಿಸಿ ಇಳಿದ. ಹೆಂಗಸರು ಕಾಲು ಇಳಿಬಿಟ್ಟು ಕೂತರು. ಕಂಡಕ್ಟರ್ ಕತ್ತಿನವರೆಗೆ ಮುಳುಗಿ, ಎಮ್ಮೆಯ ಹಾಗೆ ಕಣ್ಣು ಮುಚ್ಚಿ, “ವಿಚಾರಣೆಯವರೇ, ನೀವು ರಾಜ ಕಣ್ರೀ. ಇಂಥ ಜಾಗ ಇಟ್ಕೊಂಡು ಆ ಕಿಟಕೀಲಿ ಯಾಕೆ ಕೂರ್ತೀರಿ?” ಎಂದ.

“ಸುಮ್ಮನೆ, ಹೊತ್ತು ಹೋಗ್ಲಿ ಅಂತ,” ಎಂದರು ವಿಚಾರಣೆಯವರು.

ಕಂಡಕ್ಟರ್ ಅದನ್ನು ನಂಬಿದ. ನೀರಿನಿಂದ ಎದ್ದು ಹೋಗಿ ಬೇರೆ ಯಾರನ್ನೂ ಕೇಳಲಿಲ್ಲ. ಕೇಳಲು ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಈ ಸುಖಕ್ಕೆ ಆಯುಸ್ಸು ಕಡಿಮೆ ಇತ್ತು. ಗೇಟಿನ ಕಡೆಯಿಂದ ಜೀಪಿನ ಸದ್ದು ಬಂತು. ನೀರಾವರಿ ಇಲಾಖೆಯ ಇಂಜಿನಿಯರು ಟೋಪಿ ಸರಿಮಾಡಿಕೊಳ್ಳುತ್ತ ಬಂದರು. ಅವರ ಹಿಂದೆ ಕೆಳಗಿನ ಹಳ್ಳಿಯ ಗಂಡಸರು, ಹೆಂಗಸರು, ಕೈಯಲ್ಲಿ ಗುದ್ದಲಿ, ಪಿಕಾಸಿ. ಎಲ್ಲರಿಗಿಂತ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿದ ಒಬ್ಬ ದಪ್ಪ ಹೆಂಗಸು.

“ಈ ತೋಟದ ಮಾಲೀಕರು ಯಾರು?” ಎಂದರು ಇಂಜಿನಿಯರು.

ವಿಚಾರಣೆಯವರು ನಿಂಬೆಗಿಡದ ಹಿಂದೆ ಹೋಗಲು ಒಂದು ಹೆಜ್ಜೆ ಇಟ್ಟಿದ್ದರು. ಕಂಡಕ್ಟರ್ ನೀರಿನಿಂದಲೇ ಕೈ ಎತ್ತಿ ತೋರಿಸಿದ. “ಇವರೇ ಸಾರ್. ನಾವು ಇವರ ಸ್ನೇಹಿತರು.”

“ನೀವಾ?”

“ನಮ್ಮದು ಅಂತಲೇ ಅನ್ಕೊಳ್ಳಿ.”

“ಅನ್ಕೊಳ್ಳೋದಕ್ಕೆ ನನಗೆ ಸರ್ಕಾರ ಸಂಬಳ ಕೊಡಲ್ಲ ಸ್ವಾಮಿ. ನಿಮ್ಮದಾ, ಅಲ್ವಾ?”

ಎಲ್ಲರೂ ನೋಡುತ್ತಿದ್ದರು. ‘ಅಲ್ಲ’ ಎನ್ನುವುದು ಎರಡಕ್ಷರದ ಮಾತು. ಆದರೆ ಆ ಎರಡಕ್ಷರ ಸೋಮವಾರ ಬೆಳಗ್ಗೆ ಕಂಡಕ್ಟರನ ಬಾಯಲ್ಲಿ ಹೊರಟರೆ ಯಾವ ಬಸ್ಸಿಗಿಂತಲೂ ವೇಗವಾಗಿ ಎಲ್ಲ ನಿಲ್ದಾಣಗಳನ್ನೂ ಮುಟ್ಟುತ್ತಿತ್ತು. ಅದೂ ಸಾಲದೆಂದು ಮಗಳು ಒದ್ದೆ ಕೂದಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

“ನಮ್ಮದೇ,” ಎಂದರು ವಿಚಾರಣೆಯವರು.

ಇಂಜಿನಿಯರು ಅವರ ಹೆಗಲ ಮೇಲೆ ಕೈ ಹಾಕಿದರು. “ಕೊನೆಗೂ ಸಿಕ್ಕಿದ್ರಲ್ಲ. ಬಂದಾಗಲೆಲ್ಲ ಮಾಲೀಕರು ಹೊರಗೆ ಹೋಗಿದಾರೆ ಅಂತಾನೆ ನಿಮ್ಮ ಕಾವಲುಗಾರ. ನೀವು ಹುಟ್ಟಿದೀರೋ ಇಲ್ವೋ ಅಂತಲೇ ನನಗೆ ಅನುಮಾನ ಬಂದಿತ್ತು.”

ಅವರು ಬೇರೆ ಯಾರನ್ನೂ ಕೇಳಲಿಲ್ಲ. ಕೇಳಲು ಅಷ್ಟು ಜನ ನಿಂತಿದ್ದರೂ ಕೇಳಲಿಲ್ಲ. ಇದು ಸಂತೋಷಪಡುವ ಸಮಯವಲ್ಲ ಎಂದು ಗೊತ್ತಿದ್ದೂ ವಿಚಾರಣೆಯವರಿಗೆ ಒಂದು ಗಳಿಗೆ ಸಂತೋಷವಾಯಿತು. ಮೂರ್ಖತನಕ್ಕೂ ಒಂದು ಪ್ರಾಮಾಣಿಕತೆ ಇರುತ್ತದೆ.

“ಹಳ್ಳ ಸರ್ಕಾರದ್ದು. ಅದಕ್ಕೆ ಕಟ್ಟೆ ಹಾಕಿ ನೀರು ಹಿಡಿದಿದೀರಿ,” ಇಂಜಿನಿಯರು ಮುಂದುವರಿಸಿದರು. “ಮಾಲೀಕರು ಎಲ್ಲರ ಎದುರಿಗೆ ಒಡೀರಿ ಅಂದ್ರೆ ಇಲ್ಲಿಗೆ ಮುಗೀತು. ಇಲ್ಲ ಅಂದ್ರೆ ಜೀಪು ಹತ್ತಿ, ಪೊಲೀಸ್ ಸ್ಟೇಷನ್ನಿಗೆ ಹೋಗಿ ಮಾತಾಡೋಣ.”

“ನೋಡಿ ಯಜಮಾನ್ರೇ,” ಎಂದಳು ದಪ್ಪ ಹೆಂಗಸು, “ನಮ್ಮ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಹಲ್ಲಿ ಸಂಸಾರ ಹೂಡಿದೆ. ದನ ನಾಲಗೆ ಚಾಚಿದ್ರೆ ಕಲ್ಲೇ ಸಿಗೋದು. ಇಲ್ಲಿ ನಿಮ್ಮ ಸ್ನೇಹಿತರು ಕತ್ತುಮಟ್ಟ ಕೂತಿದಾರೆ.”

ಸ್ನೇಹಿತರು ಆಗಲೇ ನೀರಿನಿಂದ ಏಳುತ್ತಿದ್ದರು. “ನಾವು ಸುಮ್ಮನೆ ಬಂದವರು ಸಾರ್,” ಎಂದ ಕಂಡಕ್ಟರ್ ಶರಟು ಹಿಂಡುತ್ತ. “ಇವರಿಗೂ ನಮಗೂ ಅಷ್ಟಕ್ಕಷ್ಟೇ ಪರಿಚಯ. ದಿನಾ ಕಿಟಕೀಲಿ ನೋಡಿರ್ತೀವಿ, ಅಷ್ಟೇ.”

“ಇಷ್ಟೊಂದು ನೀರು ಕಂಡಾಗಲೇ ನನಗೆ ಅನುಮಾನ ಬಂದಿತ್ತು,” ಎಂದಳು ಅವನ ಹೆಂಡತಿ, ಕಾಲು ಒರೆಸಿಕೊಳ್ಳುತ್ತ. ಡ್ರೈವರ್ ಮಕ್ಕಳನ್ನು ಒಂದೊಂದಾಗಿ ದಡಕ್ಕೆ ಎತ್ತಿಟ್ಟ.

ಈ ಹೊತ್ತಿಗೆ ಸರಿಯಾಗಿ ಷಡ್ಡಕನ ಕಾರು ಬಂತು. ಅವನು ಹೋದ ಊರಿಂದ ಬೇಗನೆ ವಾಪಸಾಗಿದ್ದ. ಊಟ ಮುಗಿಸಿ ಬಂದ ಕಾವಲುಗಾರ ದೂರದಿಂದಲೇ ಗೇಟು ತೆರೆದದ್ದು ನೋಡಿ, ಕಳ್ಳರು ನುಗ್ಗಿದ್ದಾರೆ ಎಂದು ಫೋನು ಮಾಡಿದ್ದ. ಷಡ್ಡಕ ಕಾರಿನಿಂದ ಇಳಿದದ್ದು ಹುಲಿಯ ಹಾಗೆ. “ಯಾರ್ರೀ ಅದು ನನ್ನ...” ಎಂದು ಬಾಯಿ ತೆರೆದವನಿಗೆ ಜೀಪು ಕಂಡಿತು, ಟೋಪಿ ಕಂಡಿತು, ಪಿಕಾಸಿಗಳು ಕಂಡವು. ಬಾಯಿ ತೆರೆದಂತೆಯೇ ಇತ್ತು. ಒಳಗಿನ ಮಾತು ಮಾತ್ರ ಬದಲಾಯಿತು.

“ನೀವ್ಯಾರು?” ಎಂದರು ಇಂಜಿನಿಯರು.

“ನಾನಾ? ನಾನು ಇವರ ಷಡ್ಡಕ,” ಎಂದ ಸಿಮೆಂಟಿನವನು, ವಿಚಾರಣೆಯವರ ತೋಳು ಹಿಡಿದು. “ತುಂಬಾ ಹತ್ತಿರದ ಸಂಬಂಧ.”

ಮದುವೆಯಾದ ಮೇಲೆ ಅವನು ಈ ಸಂಬಂಧವನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ವಿಚಾರಣೆಯವರ ಹೆಂಡತಿ ದಡದಲ್ಲಿ ಕೂತಿದ್ದವಳು ಎದ್ದು ನಿಂತಳು.

“ಈ ತೋಟ ಇವರದೇ ತಾನೇ?” ಇಂಜಿನಿಯರು ಕೇಳಿದರು.

“ಇವರದೇ. ಇನ್ಯಾರದು?”

“ಭಾವ,” ಎಂದಳು ವಿಚಾರಣೆಯವರ ಹೆಂಡತಿ ಹತ್ತಿರ ಬಂದು, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ. “ನಮ್ಮದೇನಾ?”

“ನಿಮ್ಮದೇ ಕಣಮ್ಮ.”

“ಹತ್ತು ಜನರ ಮುಂದೆ ಹೇಳ್ತಿದೀರಿ.”

“ಹೇಳ್ತಿದೀನಲ್ಲ,” ಎಂದ ಷಡ್ಡಕ. ಅವನ ಹಣೆಯ ಬೆವರು ಬಿಸಿಲಿನದಲ್ಲ.

“ಸರಿ ಹಾಗಾದ್ರೆ,” ಎಂದು ದಪ್ಪ ಹೆಂಗಸು ಪಿಕಾಸಿ ಹೆಗಲಿಗೇರಿಸಿದಳು. “ಒಡೆಯ ಇಲ್ಲೇ ಇದಾನೆ ಅಂದ್ಮೇಲೆ ಒಡೆಯೋದಕ್ಕೇನು ತಡ?”

ಷಡ್ಡಕ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದ. “ಲೋ, ಒಂದು ವಾರ ಟೈಮು ಕೊಡಿ ಅನ್ನು. ಆಮೇಲೆ ನಾನು ಇಂಜಿನಿಯರನ ಹತ್ರ ಮಾತಾಡಿ ಏನಾದ್ರೂ ಮಾಡ್ಕೋತೀನಿ. ಈ ಕಟ್ಟೆ ಹೋದ್ರೆ ನನ್ನ ಗಿಡ ಒಂದೂ ಉಳಿಯಲ್ಲ. ನೀನು ಜೀಪು ಹತ್ತಬೇಕಾದ್ರೂ ಹತ್ತು, ಬಿಡಿಸ್ಕೊಂಡು ಬರ್ತೀನಿ. ಗೊತ್ತಾಯ್ತಾ?”

ಅದೇ ಉಸಿರಿಗೆ ದಪ್ಪ ಹೆಂಗಸು ಕೇಳಿದಳು: “ಒಡೀಬಹುದಾ ಯಜಮಾನ್ರೇ?”

ಅದೇ ಉಸಿರಿಗೆ ಹೆಂಡತಿ ಹೇಳಿದಳು: “ರೀ.”

ಬೇರೇನೂ ಹೇಳಲಿಲ್ಲ. ಬರೀ ‘ರೀ’.

ವಿಚಾರಣೆಯವರು ನೀರನ್ನು ನೋಡಿದರು, ಷಡ್ಡಕನ ಕೈಯ ಉಂಗುರವನ್ನು ನೋಡಿದರು, ಎಲ್ಲೂ ನೋಡದೆ ಇರಲು ಒಂದು ಜಾಗ ಹುಡುಕಿದರು. ಆಮೇಲೆ “ಹೂಂ” ಎಂದರು.

“ಹೂಂ ಅಂದ್ರು,” ಎಂದಳು ದಪ್ಪ ಹೆಂಗಸು. ಮೊದಲ ಏಟು ಅವಳದೇ. ಕಟ್ಟೆ ಮಣ್ಣಿನದು. ಸಿಮೆಂಟು ಮಾರುವವನು ತನ್ನ ಕೆಲಸಕ್ಕೆ ಸಿಮೆಂಟು ಖರ್ಚು ಮಾಡಿರಲಿಲ್ಲ. ಒಂದು ಮೂಲೆ ಕುಸಿದದ್ದೇ ತಡ, ಉಳಿದದ್ದನ್ನು ನೀರೇ ನೋಡಿಕೊಂಡಿತು. ಹೋಗುವಾಗ ಕಂಡಕ್ಟರನ ಒಂದು ಚಪ್ಪಲಿಯನ್ನೂ ಕರೆದುಕೊಂಡು ಹೋಯಿತು. ಹಳ್ಳಿಯವರು ನೀರಿನ ಜೊತೆಗೇ ಕೆಳಗೆ ಓಡಿದರು. ಮಕ್ಕಳು ಕೆಸರು ನೋಡಿ ಅತ್ತವು, ಆಮೇಲೆ ಕೆಸರಿಗೇ ಇಳಿದವು. ಷಡ್ಡಕ ನಿಂತೇ ಇದ್ದ. ಅವನ ಸ್ಥಿತಿ ಕಠಿಣವಾಗಿತ್ತು. ತನ್ನದಲ್ಲದ ತೋಟಕ್ಕೆ ಮನುಷ್ಯ ಎಷ್ಟು ಅಳಬಹುದೋ ಅಷ್ಟೇ ಅಳಲು ಅವನಿಗೆ ಅವಕಾಶವಿತ್ತು.

ಇಂಜಿನಿಯರು ವಿಚಾರಣೆಯವರ ಕೈ ಕುಲುಕಿದರು. “ಇಂಥ ಮಾಲೀಕರು ಅಪರೂಪ,” ಎಂದರು. ಜೀಪು ಹೋಯಿತು.

ವಾಪಸು ಬರುವಾಗ ಮೊಟ್ಟೆಯ ವ್ಯಾನಿನಲ್ಲಿ ಕಂಡಕ್ಟರ್, “ಸ್ವಂತ ತೋಟದ ನೀರನ್ನ ಸ್ವಂತ ಬಾಯಿಂದ ಹೊರಗೆ ಬಿಟ್ಟ ಗಂಡಸನ್ನ ಇವತ್ತೇ ನೋಡಿದ್ದು” ಎಂದ. ಮರುದಿನ ನಿಲ್ದಾಣದಲ್ಲೂ ಅದನ್ನೇ ಹೇಳಿದ. ತೋಟ ಅವರದಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ವಿಚಾರಣೆಯವರ ಮಾತನ್ನು ಊರೇ ನಂಬಿತು, ನಂಬಿ ಅವರನ್ನು ದಡ್ಡ ಎಂದಿತು.

ಷಡ್ಡಕನ ಮನೆಯವರು ಇವರ ಮನೆಗೆ ಬರುವುದು ನಿಂತಿತು. ಬಂದದ್ದೇ ಕಡಿಮೆಯಾದ್ದರಿಂದ ಅದು ಯಾವತ್ತಿನಿಂದ ಎಂದು ಹೇಳುವುದು ಕಷ್ಟ. ವಿಚಾರಣೆಯವರ ಹೆಂಡತಿ ಮಾತ್ರ ಅಕ್ಕನಿಗೆ ಆಗಾಗ ಫೋನು ಮಾಡಿ, “ನಮ್ಮ ನಿಂಬೆಗಿಡ ಹೇಗಿವೆ ಅಕ್ಕಾ?” ಎಂದು ಕೇಳುತ್ತಾಳೆ. ಅಕ್ಕ ಫೋನು ಇಡುತ್ತಾಳೆ.

ಉಳಿದದ್ದು ಆ ‘ಹೂಂ’. ಅದು ತನ್ನ ಪಿಸುಮಾತಿಗೆ ಬಂದ ಒಪ್ಪಿಗೆ, ಆ ಹೆಂಗಸು ನಡುವೆ ಬಾಯಿ ಹಾಕಿ ಕದ್ದುಕೊಂಡಳು ಎನ್ನುತ್ತಾನೆ ಷಡ್ಡಕ. ಜೀಪಿನ ಭಯಕ್ಕೆ ಹೊರಟದ್ದು ಎನ್ನುತ್ತಾನೆ ಕಂಡಕ್ಟರ್. ಕೆಳಗಿನ ಹಳ್ಳಿಯವರು ಅದನ್ನು ತಮಗೇ ಹೇಳಿದ್ದೆಂದು ನಂಬಿ ಇವತ್ತಿಗೂ ಬಟ್ಟೆ ಒಗೆಯುತ್ತಿದ್ದಾರೆ. ಹೆಂಡತಿಯನ್ನು ಕೇಳಿದರೆ, ಇಷ್ಟು ವರ್ಷದ ಸಂಸಾರದಲ್ಲಿ ತಾನು ‘ರೀ’ ಅಂದಾಗಲೆಲ್ಲ ಅವರು ‘ಹೂಂ’ ಅಂದೇ ಇದ್ದಾರೆ, ಇದರಲ್ಲಿ ಹೊಸದೇನು ಎನ್ನುತ್ತಾಳೆ. ವಿಚಾರಣೆಯವರನ್ನೇ ಕೇಳಿದ್ದೂ ಆಯಿತು. ಅವರು ಕಿಟಕಿಯ ಆಚೆ ಯಾರೂ ಇಲ್ಲದ್ದು ನೋಡಿ, ಯಾರಿಗೆ ಹೇಳಿದೆ ಎಂದು ಆಗ ಸರಿಯಾಗಿ ಗೊತ್ತಿತ್ತು ಎಂದರು.

ಅದು ನಿಜವೋ ಸುಳ್ಳೋ ಗೊತ್ತಿಲ್ಲ. ಬೇರೆ ಯಾರನ್ನು ಕೇಳಬೇಕೋ ಅದೂ ಗೊತ್ತಿಲ್ಲ.